ಗೇರಿಲ್ಲದ ಕಾರಿನಲ್ಲಿ ಮೂರನೆಯ ಕೈ

"ನಡುವಯಸ್ಸು ದಾಟುವುದರೊಳಗೆ ಒಂದು ಕೆಂಪು ಸ್ಪೋರ್ಟ್ಸ್ ಕಾರು ಓಡಿಸಿಯೇ ತೀರುತ್ತೇನೆ!" ಎಂದು ಕನ್ನಡಿಯ ಮುಂದೆ ನಿಂತು ಪ್ರತಿಜ್ಞೆ ಮಾಡಿದೆ. ಕನ್ನಡಿಯೊಳಗಿದ್ದವನು ಆಗಲೇ ನಡುವಯಸ್ಸು ದಾಟಿ ಆಚೆ ದಡದಲ್ಲಿ ಬಟ್ಟೆ ಒಣಗಿಸಿಕೊಳ್ಳುತ್ತಿದ್ದ. ಆದರೇನು, ಪ್ರತಿಜ್ಞೆ ಪ್ರತಿಜ್ಞೆಯೇ!

ಕಾರೂ ಸಿಕ್ಕಿತು. ಸೆಕೆಂಡ್ ಹ್ಯಾಂಡ್. ಪುಟ್ಟದು, ನೆಲಕ್ಕೆ ಅಂಟಿಕೊಂಡಂತಿದ್ದದ್ದು, ಬೆನ್ನ ಮೇಲೊಂದು ರೆಕ್ಕೆ. ಅದರೊಳಗೆ ಕೂರುವುದು ಸುಲಭ, ಏಳುವುದಕ್ಕೆ ಮಾತ್ರ ನೆಂಟರಿಷ್ಟರ ಸಹಕಾರ ಬೇಕು. ಎಲ್ಲಕ್ಕಿಂತ ಮಿಗಿಲಾಗಿ ಅದರಲ್ಲಿ ಸಿವಿಟಿ ಇತ್ತು!

"ಬೇರೆ ಗಾಡಿ ಮೆಟ್ಲು ಹತ್ತಿದ ಹಾಗೆ ಒಂದೊಂದೇ ಗೇರ್ ಹತ್ತತ್ತೆ ಸಾರ್. ಇದ್ರಲ್ಲಿ ಮೆಟ್ಲೇ ಇಲ್ಲ" ಎಂದ ಮಾರುವವನು. "ಎರಡು ರಾಟೆ, ನಡುವೆ ಒಂದು ಬೆಲ್ಟು. ರಾಟೆ ತಾನೇ ಹಿಗ್ಗತ್ತೆ, ತಾನೇ ಕುಗ್ಗತ್ತೆ. ನೀವು ತೇಲ್ತಾ ಹೋಗ್ತೀರಿ. ಈ ಲಿವರ್ ಇದ್ಯಲ್ಲ, ಮುಂದೆ ಹೋಗೋಕೆ ಡಿ, ಹಿಂದೆ ಹೋಗೋಕೆ ಆರ್, ಮಧ್ಯೆ ನ್ಯೂಟ್ರಲ್. ಅಷ್ಟೇ!"

"ಮೊದಲಿನ ಓನರ್ ಯಾಕೆ ಮಾರಿದ್ರು?"

"ಅವರೀಗ ಓಡಿಸೋ ಪರಿಸ್ಥಿತೀಲಿ ಇಲ್ಲ ಸಾರ್" ಎಂದು ಆತ ಆಕಾಶದ ಕಡೆ ನೋಡಿದ. ಮಳೆ ಬರುತ್ತದೇನೋ ಎಂದು ನಾನೂ ನೋಡಿದೆ.

ಒಂದು ದಿನ ಓಡಿಸಿ ನೋಡಿ, ಒಪ್ಪಿಗೆಯಾಗದಿದ್ದರೆ ವಾಪಸ್ ತನ್ನಿ ಎಂದು ಕೀಲಿ ಕೊಟ್ಟ. ಒಪ್ಪಬೇಕಾದವಳು ನನ್ನ ಹೆಂಡತಿ. ಅವಳು ಡ್ರೈವಿಂಗ್ ಶಾಲೆಯ ಟೀಚರು. ಊರಿನ ಅರ್ಧ ಜನರಿಗೆ ಸ್ಟೀರಿಂಗ್ ಹಿಡಿಯಲು ಕಲಿಸಿದವಳು. ಉಳಿದರ್ಧ ಜನ ಅವಳಿಗೆ ಹೆದರಿ ಇಂದಿಗೂ ನಡೆದೇ ಓಡಾಡುತ್ತಾರೆ.

"ಗೇರ್ ಹಾಕೋದೇ ಬೇಡ್ವಾ? ಇದು ಕಾರಲ್ಲ ಕಣ್ರೀ, ಮಲಗಿಸಿದ ಲಿಫ್ಟು!"

"ತಂತ್ರಜ್ಞಾನ ಕಣೇ!"

"ಸರಿ, ಬೆಟ್ಟದ ಮೇಲೆ ಅಕ್ಕನ ಮನೆಗೆ ಹೋಗೋಣ ನಡೀರಿ. ಏರಲ್ಲಿ ಒಂದೇ ಒಂದು ಸಲ ತಕರಾರು ಮಾಡಿದ್ರೂ ನಾಳೆ ಬೆಳಿಗ್ಗೆ ವಾಪಸ್. ಆಮೇಲೆ ಜನ್ಮದಲ್ಲಿ ಈ ಮನೇಲಿ ಕೆಂಪು ಕಾರಿನ ಮಾತು ಏಳಬಾರದು."

ಸಂಜೆ ಹೊರಟೆವು. ಬೆಟ್ಟದ ಬುಡ ದಾಟಿದ್ದೇ ತಡ, ಮಂಜು ಇಳಿಯಿತು. ಹೆಡ್‌ಲೈಟಿನ ಬೆಳಕು ಎರಡು ಮಾರು ಹೋಗಿ ಹೆದರಿದಂತೆ ನಿಂತುಬಿಡುತ್ತಿತ್ತು. ಎದುರಿಗೊಂದು ಗಾಡಿಯಿಲ್ಲ, ಹಿಂದೊಂದು ದೀಪವಿಲ್ಲ. ಎಂಜಿನ್ ಮಾತ್ರ ಒಂದೇ ಶ್ರುತಿಯಲ್ಲಿ ಗುಂಯ್ ಎನ್ನುತ್ತಿತ್ತು. ಹತ್ತಿದರೂ ಅದೇ, ತಿರುಗಿದರೂ ಅದೇ, ಬಾಯಿ ತೆರೆಯದೆ ಯಾರೋ ಹಾಡುತ್ತಿದ್ದಂತೆ. ಹೆಂಡತಿ ಶಾಲನ್ನು ಮೂಗಿನ ತನಕ ಎಳೆದುಕೊಂಡು, ಪರಮಾಶ್ಚರ್ಯ, ನಿದ್ದೆಹೋದಳು! ಶಾಲಿನ ಒಂದು ಅಂಚು ನಮ್ಮಿಬ್ಬರ ನಡುವೆ ಲಿವರಿನ ಮೇಲೂ ಹರಡಿತ್ತು.

ಕಡಿದಾದ ತಿರುವು ಬಂತು. ಆಕ್ಸಿಲರೇಟರ್ ಒತ್ತಿದೆ. ಇದ್ದಕ್ಕಿದ್ದಂತೆ ಕಾರು ಚೀರಿತು! ಎಂಜಿನ್ನಿನ ಗಂಟಲು ಹರಿಯುವಂಥ ಚೀರಾಟ, ಆದರೆ ಚಕ್ರಕ್ಕೆ ಒಂದು ತೊಟ್ಟು ಜೀವವಿಲ್ಲ. ಕಾರು ಹಿಂದಕ್ಕೆ, ಪ್ರಪಾತದ ಕಡೆಗೆ, ಮೆಲ್ಲಗೆ ಸರಿಯತೊಡಗಿತು. ಬ್ರೇಕ್ ತುಳಿದೆ. ಮುಂದಿನ ಫಲಕದಲ್ಲಿ 'ಡಿ' ಇರಬೇಕಾದ ಜಾಗದಲ್ಲಿ 'ಎನ್' ಎಂದು ಹಸಿರಾಗಿ ಮಿನುಗುತ್ತಿತ್ತು. ನ್ಯೂಟ್ರಲ್! ನನ್ನ ಎರಡೂ ಕೈ ಸ್ಟೀರಿಂಗಿನ ಮೇಲೆಯೇ ಇದ್ದವಲ್ಲ!

ಹೆಂಡತಿ ಎದ್ದರೆ ಕಾರು ಹೋಯಿತು. ಲಿವರನ್ನು ಶಾಲಿನ ಮೇಲಿಂದಲೇ ಸದ್ದಿಲ್ಲದೆ ಎಳೆದು ಹೊರಟೆ. ಮುಂದಿನ ತಿರುವಿನಲ್ಲಿ ಮತ್ತೆ ಅದೇ ಚೀರಾಟ! ಮತ್ತೆ 'ಎನ್'! ಮತ್ತೆ ಬ್ರೇಕ್! ಓಡಿಸುವ ಪರಿಸ್ಥಿತಿಯಲ್ಲಿಲ್ಲದ ಆ ಮೊದಲ ಯಜಮಾನ ನೆನಪಾದ. ಮಾರುವವನು ಆಕಾಶ ನೋಡಿದ್ದು ಮಳೆಗಾಗಿ ಅಲ್ಲವೆಂದು ಬೆನ್ನುಹುರಿಗೆ ಮೊದಲು ಹೊಳೆಯಿತು, ತಲೆಗೆ ಆಮೇಲೆ.

ಆಗ ಕತ್ತಲೊಳಗಿಂದ ಒಂದು ಪಿಸುದನಿ ಕೇಳಿತು.

"ಒತ್ತು... ಪೂರ್ತಿ ಒತ್ತು..."

ಏನನ್ನು? ಯಾರ ಕುತ್ತಿಗೆಯನ್ನು?

"ಒತ್ತಿ ಹಿಡಿ... ಈಗ ಬಿಡು... ಮೆಲ್ಲಗೆ ಬಿಡು..."

ಬಿಡು ಎಂದರೆ ಪ್ರಾಣವನ್ನೇ ಇರಬೇಕು! ಕಂಡ ಕಂಡ ದೇವರಿಗೆಲ್ಲ ಹರಕೆ ಹೊರುತ್ತ ಲಿವರಿಗಾಗಿ ಶಾಲಿನ ಕೆಳಗೆ ಕೈ ಹಾಕಿದೆ. ಲಿವರ್ ಸಿಗಲಿಲ್ಲ. ಅದರ ಮೇಲೆ ಮಂಜುಗಡ್ಡೆಯಷ್ಟು ತಣ್ಣಗಿದ್ದ ಐದು ಬೆರಳು ಸಿಕ್ಕಿದವು!

ಈ ಸಲ ಚೀರಿದ್ದು ಕಾರಲ್ಲ.

"ಏನ್ರೀ! ಏನಾಯ್ತ್ರೀ!" ಹೆಂಡತಿ ಧಡಕ್ಕನೆ ಎದ್ದು ಒಳಗಿನ ದೀಪ ಹಾಕಿದಳು.

"ಕೈ! ಯಾರದೋ ಕೈ ಕಣೇ! ಲಿವರಿನ ಮೇಲೆ!"

ಶಾಲು ಸರಿಸಿ ನೋಡಿದಳು. ತನ್ನ ಬಲಗೈಯನ್ನು ಪಕ್ಕದ ಮನೆಯವರದ್ದೇನೋ ಎಂಬಂತೆ ದಿಟ್ಟಿಸಿದಳು.

"ನಂದೇ ಕಣ್ರೀ."

"ನಿಂದಾ? ಕ್ಲಚ್ಚೇ ಇಲ್ಲದ ಕಾರಲ್ಲಿ ಏನನ್ನೇ ಒತ್ತು ಅಂತಿದ್ದೆ?"

"ಅಯ್ಯೋ, ಎಂಜಿನ್ ಹಂಗೆ ಒಂದೇ ಸಮ ಗುಂಯ್‌ಗುಟ್ಟಿದ್ರೆ ಕಲಿಯೋರು ಗೇರ್ ಹಾಕೋದು ಮರೆತಿದ್ದಾರೆ ಅಂತ ಅರ್ಥ. ದಿನಾ ಪಕ್ಕದ ಸೀಟಲ್ಲಿ ಕೂತು ನಾನೇ ಹಾಕಿಬಿಡ್ತೀನಿ. ಅಭ್ಯಾಸ. ನಿದ್ದೇಲಿ ಕೈ ತಾನೇ ಲಿವರಿಗೆ ಹೋಗಿದೆ, ಬಾಯಿ ತಾನೇ ಕ್ಲಚ್ ಒತ್ತು, ಬಿಡು ಅಂದಿದೆ."

ಹೋದ ಜೀವ ಬಂತು, ಜೊತೆಗೆ ಜಂಭವೂ! "ಹಾಗಾದ್ರೆ ಕಾರು ನಿರಪರಾಧಿ! ತಕರಾರು ಮಾಡಿದ್ದು ನೀನು! ಒಪ್ಕೋ!"

ಅವಳು ಶಾಲು ಮಡಚಿದಳು. "ಒಪ್ಕೊಂಡೆ. ಇಟ್ಕೊಳ್ಳೋಣ. ಮದುವೆಯಾದಾಗಿಂದ ನೀವು ಓಡಿಸೋವಾಗ ಒಂದು ಸಲವಾದ್ರೂ ಕಣ್ಣು ಮುಚ್ಚಿದೀನಾ? ಜೀವ ಕೈಯಲ್ಲಿ ಹಿಡ್ಕೊಂಡು ಕೂತಿರ್ತೀನಿ. ಇವತ್ತು ನಿದ್ದೆ ಬಂತು ಅಂದ್ರೆ ಇದು ಗಾಡಿಯಲ್ಲ ಕಣ್ರೀ, ತೊಟ್ಟಿಲು! ಒಂದು ಕುಲುಕಿಲ್ಲ, ಒಂದು ಎಳೆತ ಇಲ್ಲ."

"ನನ್ನ ಡ್ರೈವಿಂಗೂ ಸ್ವಲ್ಪ..."

"ಇಳೀರಿ."

"ಯಾಕೆ?"

"ಈ ಕಡೆ ಬನ್ನಿ. ನಿದ್ದೇಲೇ ಇಷ್ಟು ಓಡಿಸಿದೀನಿ, ಎಚ್ಚರವಾಗಿ ಓಡಿಸಿದ್ರೆ ಹೆಂಗಿರತ್ತೆ ನೋಡೋಣ."

ಅಲ್ಲಿಂದ ಮುಂದಕ್ಕೆ ಕಾರು ನಿಜವಾಗಿಯೂ ತೇಲಿತು. ಯಾವ ತಿರುವೂ ಚೀರಲಿಲ್ಲ. ಹೆಂಡತಿಯ ಅಕ್ಕ ಗೇಟಿನ ಬಳಿಯೇ ಕಾದಿದ್ದರು. "ಗಾಡಿ ಹೇಗಿದೆಯೇ? ದಾರೀಲಿ ಏನೂ ತಕರಾರಿಲ್ಲ ತಾನೇ?"

"ಗಾಡೀದೇನಿಲ್ಲ ಕಣಕ್ಕ" ಎಂದಳು ಹೆಂಡತಿ, ಕೀಲಿಯನ್ನು ತನ್ನ ಚೀಲಕ್ಕೆ ಹಾಕಿಕೊಳ್ಳುತ್ತ. "ತಕರಾರೆಲ್ಲ ಸ್ಟೀರಿಂಗ್ ಹಿಂದೆ ಕೂತಿತ್ತು. ಎತ್ತಿ ಪಕ್ಕದ ಸೀಟಿಗೆ ಹಾಕಿದೆ, ಸರಿಹೋಯ್ತು!"