ಚಾವಣಿ ತೆಗೆದು ಬಾಗಿಲಿಗೆ ಬೀಗ ಹಾಕಿದ ನ್ಯಾನೊ ಮಂಡಳಿಯವರಿಗೆ

ಕಣ್ಣಿಗೆ ಕಾಣದ ವಸ್ತುಗಳಿಗೆಲ್ಲ ದೊಡ್ಡ ಯಜಮಾನರೂ, ರಾಷ್ಟ್ರೀಯ ನ್ಯಾನೊ ತಂತ್ರಜ್ಞಾನ ಪ್ರೋತ್ಸಾಹ ಮಂಡಳಿಯ ಮಹಾನಿರ್ದೇಶಕರೂ ಆದ ಮಾನ್ಯರೇ,

ವೆಂಡಾ ಸೀಮೆಯ ತ್ಶಿಕುಂಬಾ ಊರಿನ ಮಡಕೆ ಮಾಡುವ ಹೆಂಗಸರ ಪರವಾಗಿ ಮುನ್ಯಾಜಿವಾ ಎಂಬ ಮುದುಕಿ, ಮಂಡಿ ಹಿಡಿದಿರುವ ಕಾರಣ ಮನಸ್ಸಿನಲ್ಲೇ ನೆಲಕ್ಕೊರಗಿ ಮಾಡುವ ವಂದನೆಗಳು. ತಾವೂ, ತಮ್ಮ ಮಂಡಳಿಯೂ, ಮಂಡಳಿಯ ಸಮಿತಿಗಳೂ, ಆ ಸಮಿತಿಗಳು ಹೆತ್ತ ಉಪಸಮಿತಿಗಳೂ ರಾಜಧಾನಿ ಪ್ರಿಟೋರಿಯಾದಲ್ಲಿ ಕ್ಷೇಮವೆಂದು ನಂಬಿದ್ದೇನೆ. ನಾವೂ ಕ್ಷೇಮ. ನಮ್ಮ ಹಸಿ ಮಡಕೆಗಳು ಮಾತ್ರ ಬಾಯಿ ತೆರೆದುಕೊಂಡು ಆಕಾಶ ನೋಡುತ್ತಿವೆ.

ನಾವು ಜೇಡಿಮಣ್ಣಿಗೆ ಮರದ ಹೊಟ್ಟು ಕಲಸಿ, ನೀರು ಸೋಸುವ ಮಡಕೆ ಮಾಡುತ್ತೇವೆ. ಸುಟ್ಟ ಮೇಲೆ ಅದಕ್ಕೆ ಪಟ್ಟಣದ ಕಾಲೇಜಿನ ಮೇಡಂ ಕೊಟ್ಟ ಬೆಳ್ಳಿ ನೀರು ಬಳಿಯುತ್ತೇವೆ. ಅದರಲ್ಲಿರುವ ಕಣ್ಣಿಗೆ ಕಾಣದ ಬೆಳ್ಳಿ ಕಣಗಳು ಹೊಳೆ ನೀರಿನ ಕ್ರಿಮಿಗಳನ್ನು ಕೊಲ್ಲುತ್ತವಂತೆ, ಅದೇ ನ್ಯಾನೊ ಅಂತೆ. ಅದರ ದೆಸೆಯಿಂದ ನಮ್ಮ ಶಿಶುವಿಹಾರದ ಮಕ್ಕಳ ಹೊಟ್ಟೆ ನೆಟ್ಟಗಿತ್ತು. ಈಗ ಅಲ್ಲಿನ ಹಳೇ ಮಡಕೆಗಳು ಬಿರಿದು, ಮಕ್ಕಳು ಮತ್ತೆ ಹೊಟ್ಟೆ ಹಿಡಿದುಕೊಳ್ಳುತ್ತಿವೆ. ಹೊಸವನ್ನು ಮಳೆಗೆ ಮೊದಲೇ ಸುಡಬೇಕು. ಬಿತ್ತನೆಗೆ ಕೈಯಿಟ್ಟರೆ ಕೊಯ್ಲು ಮುಗಿಯುವವರೆಗೆ ನಮ್ಮಲ್ಲಿ ಯಾರೂ ಮಡಕೆ ಸುಡುವ ಆವಿಗೆ ಹೊತ್ತಿಸುವಂತಿಲ್ಲ, ಮಳೆ ಮುನಿಸಿಕೊಳ್ಳುತ್ತದೆ. ಇಷ್ಟು ಸಣ್ಣ ಸಂಗತಿಯೂ ತಮ್ಮ ಮಂಡಳಿಯ ಕಣ್ಣಿಗೆ ಬಿದ್ದದ್ದು ನಮ್ಮ ಪುಣ್ಯವೋ ಇನ್ನೇನೋ ನಾನರಿಯೆ.

ಮೊದಲು ತಮ್ಮ ಪರಿವೀಕ್ಷಕರಾದ ಡಾಕ್ಟರ್ ಗ್ರೋಬ್ಲರ್ ಅವರು ಬಂದರು. ದೊಡ್ಡವರು ಬಂದರೆ ವೆಂಡಾ ಹೆಂಗಸರಾದ ನಾವು ನೆಲಕ್ಕೊರಗಿ ಕೈಜೋಡಿಸುತ್ತೇವೆಂಬುದನ್ನೂ, ಅವರು ಮರುವಂದನೆ ಹೇಳುವವರೆಗೆ ಏಳುವುದಿಲ್ಲವೆಂಬುದನ್ನೂ ಡಾಕ್ಟರರಿಗೆ ಯಾವ ಸಮಿತಿಯೂ ತಿಳಿಸಿರಲಿಲ್ಲವೆಂದು ಕಾಣುತ್ತದೆ. ನಾವು ಒರಗಿದೆವು. ಅವರು ಭಾಷಣ ಶುರುಮಾಡಿದರು. ನಾವು ಒರಗಿಯೇ ಇದ್ದೆವು. ರಾಷ್ಟ್ರೀಯ ನೀತಿ ಮುಗಿದು ಹತ್ತು ವರ್ಷದ ಮುನ್ನೋಟ ಹಿಡಿದಾಗ ಪಕ್ಕದಲ್ಲಿದ್ದ ತ್ಶಿನಕಾಹೊ, "ಅಕ್ಕಾ, ಇವ್ನು ಮರುವಂದನೆ ಹೇಳ್ತಾನೋ, ಇಲ್ಲ ನಾವಿಲ್ಲೇ ಬೇರು ಬಿಡ್ಬೇಕೋ?" ಎಂದಳು. "ಸುಮ್ನಿರೇ, ದೂರದಿಂದ ಬಂದವ್ರು" ಎಂದೆ. "ದೂರದಿಂದ ಬಂದವ್ರಿಗೇನು, ಇರುವೆ ಹತ್ತಿರೋದು ನನ್ನ ಬಟ್ಟೆಯೊಳಗೆ!" ಎಂದು ಆಕೆ ಇರುವೆ ಗೂಡು ಹುಡುಕುತ್ತಾ ನೆಲವನ್ನು ತಡವತೊಡಗಿದಳು. ಡಾಕ್ಟರರು ಬಹಳ ಮೆಚ್ಚಿ ಫೋಟೋ ತೆಗೆದುಕೊಂಡರು.

ಅವರ ವರದಿಯಲ್ಲಿ, "ಈ ಊರಿನ ಮಹಿಳೆಯರು ನ್ಯಾನೊ ಕಣಗಳಿಗಾಗಿ ಗಂಟೆಗಟ್ಟಲೆ ನೆಲದ ಮೇಲೆ ಮಲಗಿ ಹುಡುಕುತ್ತಾರೆ" ಎಂದು ಬರೆದಿತ್ತೆಂದು ಕಾಲೇಜಿನ ಮೇಡಂ ಓದಿ ಹೇಳಿದಾಗ ತ್ಶಿನಕಾಹೊ ನಕ್ಕು ನಕ್ಕು ಮತ್ತೊಮ್ಮೆ ನೆಲಕ್ಕೆ ಬಿದ್ದಳು. ಮಂಡಳಿಯವರು ಮಾತ್ರ ನಗಲಿಲ್ಲ. ನಮಗೆಲ್ಲ ಭೂತಗನ್ನಡಿಯನ್ನೂ ಮಂಡಿಗೆ ಕಟ್ಟುವ ಮೆತ್ತೆಯನ್ನೂ ಕಳಿಸಿದಿರಿ. ಮೆತ್ತೆ ಚೆನ್ನಾಗಿದೆ, ಕೋಳಿಗಳು ಅದರ ಮೇಲೆ ಮೊಟ್ಟೆಯಿಡುತ್ತಿವೆ.

ಆಮೇಲೆ ನಮ್ಮ ಮಡಕೆ ಕೊಟ್ಟಿಗೆಯನ್ನೇ ರಾಷ್ಟ್ರೀಯ ಕಣಶೋಧ ಕೇಂದ್ರವೆಂದು ಘೋಷಿಸಿದಿರಿ. ಅತಿ ಸಣ್ಣದನ್ನು ನೋಡುವ ಯಂತ್ರ ಅತಿ ದೊಡ್ಡದಂತೆ, ಬಾಗಿಲಲ್ಲಿ ಹಿಡಿಸುವುದಿಲ್ಲವಂತೆ, ಕ್ರೇನಿನಲ್ಲಿ ಮೇಲಿಂದ ಇಳಿಸಬೇಕಂತೆ. ನಾವೆಲ್ಲ ಪಕ್ಕದ ಹಳ್ಳಿಯ ಮದುವೆಗೆ ಹೋಗಿ ಬರುವಷ್ಟರಲ್ಲಿ ಹುಲ್ಲಿನ ಚಾವಣಿ ಮಾಯ! ಯಂತ್ರದ ಸುದ್ದಿಯಿಲ್ಲ. ಕೊಳ್ಳಬೇಕೆಂದು ಒಂದು ಸಮಿತಿ, ಕೊಂಡರೆ ಅಪಾಯವೇ ಎಂದು ಇನ್ನೊಂದು ಸಮಿತಿ, ಸಣ್ಣದು ಎಂದರೆ ಎಷ್ಟು ಸಣ್ಣದು ಎಂದು ತೀರ್ಮಾನಿಸಲು ಮತ್ತೊಂದು ಸಮಿತಿ ಕೂತಿವೆಯೆಂದು ತಿಳಿಯಿತು. ಅಲ್ಲಿಯವರೆಗೆ ದೇಶದ ಸೊತ್ತು ಭದ್ರವಾಗಿರಲೆಂದು ಚಾವಣಿಯಿಲ್ಲದ ಕೊಟ್ಟಿಗೆಯ ಬಾಗಿಲಿಗೆ ಬೀಗ ಜಡಿದು, ಕಾವಲಿಗೆ ನನ್ನ ತಂಗಿಯ ಅಳಿಯ ಮುಲಾಲೊನನ್ನೇ ನೇಮಿಸಿದಿರಿ. ಈ ಜಾಣತನಕ್ಕೆ ಊರೇ ತಲೆದೂಗಿದೆ.

"ಲೋ, ಮಡಕೆ ಒಳಗಿವೆ, ಬಾಗ್ಲು ತೆಗಿ" ಎಂದೆ. "ದೊಡ್ಡತ್ತೆ, ಬೀಗ ಕಾಯೋದಷ್ಟೇ ನಂಗೆ ಹೇಳಿರೋದು. ಬೀಗದ ಕೈ ಪ್ರಿಟೋರಿಯಾದಲ್ಲೈತೆ" ಎಂದ. "ಮೇಲೆ ಸೂರೇ ಇಲ್ವಲ್ಲೋ ಪುಣ್ಯಾತ್ಮ!" ಎಂದರೆ, "ಸೂರು ನನ್ನ ಡ್ಯೂಟೀಲಿ ಬರಲ್ಲ ದೊಡ್ಡತ್ತೆ" ಎಂದು ಹಲ್ಲು ಕಿರಿದ. ಇಷ್ಟು ಶಿಸ್ತನ್ನು ಅವನಲ್ಲಿ ಅವನ ಹೆಂಡತಿಯೂ ಇದುವರೆಗೆ ಕಂಡಿರಲಿಲ್ಲ.

ಆದ್ದರಿಂದ ಮಾನ್ಯರೇ, ಬೀಗದ ಕೈ ಕಳಿಸಿ ಎಂಬ ಸಾಮಾನ್ಯ ಬೇಡಿಕೆಯಿಂದ ತಮ್ಮ ಹೊತ್ತು ಹಾಳುಮಾಡಲಾರೆ. ತಮ್ಮ ಯೋಗ್ಯತೆಗೆ ತಕ್ಕುದನ್ನೇ ಕೇಳುತ್ತೇನೆ. ಮೋಡಗಳೊಡನೆ ಸಮನ್ವಯ ಸಾಧಿಸಲು ಒಂದು ಉಪಸಮಿತಿ ರಚಿಸಿ, ಈ ವರ್ಷ ಮಳೆಯ ಹನಿಗಳು ಮಡಕೆಗೆ ತಗುಲಿದರೂ ತೋಯಿಸದಷ್ಟು ಸಣ್ಣಗಿರಬೇಕೆಂದು ಆಜ್ಞೆ ಹೊರಡಿಸಿ. ಅದಾಗದಿದ್ದರೆ ಶಿಶುವಿಹಾರದ ಮಕ್ಕಳಿಗೆ ತಮ್ಮ ಹತ್ತು ವರ್ಷದ ಮುನ್ನೋಟ ಮುಗಿಯುವವರೆಗೆ ಬಾಯಾರದಂತೆ ಮಾಡಿ. ಅದೂ ಆಗದಿದ್ದರೆ ತಾವೇ ಬಂದು ಕೊಟ್ಟಿಗೆಯ ಮೇಲೆ ಅಡ್ಡ ಮಲಗಿ; ತಮ್ಮ ಮಂಡಳಿಯವರೆಲ್ಲ ಸಾಲಾಗಿ ಮಲಗಿದರೆ ಒಂದು ಹನಿಯೂ ಒಳಗಿಳಿಯಲಾರದೆಂಬ ಭರವಸೆ ನನಗಿದೆ. ಊಟಕ್ಕೆ ಜೋಳದ ಮುದ್ದೆ, ಮೊಪಾನೆ ಮರದಿಂದ ಆರಿಸಿ ಹುರಿದ ಹುಳು ಮೇಲಕ್ಕೇ ಕಳಿಸುತ್ತೇವೆ.

ಹಸಿ ಮಣ್ಣಿನಷ್ಟೇ ಮೆತ್ತಗಿನ ತಮ್ಮ ವಿಶ್ವಾಸಿ,
ಮುನ್ಯಾಜಿವಾ, ತ್ಶಿಕುಂಬಾ

ಮರೆತ ಮಾತು: ಪತ್ರವನ್ನು ಅಂಚೆಗೆ ಒಯ್ಯುವವರು ಸಿಗದೆ ಕೂತಿದ್ದಾಗ ಬೆಟ್ಟದ ಹಿಂದೆ ಗುಡುಗಿತು. ತ್ಶಿನಕಾಹೊ ಏಣಿ ತಂದಳು. ಮುಲಾಲೊ ಬಾಗಿಲ ಮುಂದೆ ನಿಷ್ಠೆಯಿಂದ ಬೀಗ ಕಾಯುತ್ತಿರುವಾಗಲೇ ಮಡಕೆಗಳನ್ನೆಲ್ಲ ಗೋಡೆಯ ಮೇಲಿಂದ ಕೈಯಿಂದ ಕೈಗೆ ದಾಟಿಸಿ, ಮಳೆಗೆ ಮೊದಲೇ ಸುಟ್ಟು, ಬೆಳ್ಳಿ ನೀರು ಬಳಿದದ್ದೂ ಆಯಿತು. ಮಕ್ಕಳು ಈಗ ಸೋಸಿದ ನೀರು ಕುಡಿಯುತ್ತಿವೆ. ತಮ್ಮ ಬೀಗಕ್ಕೆ ಒಂದು ಗೀರೂ ಬಿದ್ದಿಲ್ಲ. ಒಳಗೆ ಏನೆಂದರೆ ಏನೂ ಉಳಿದಿಲ್ಲ. ದೊಡ್ಡ ಯಂತ್ರ ಬಂದ ದಿನ ನೋಡಲು ತಮಗೆ ಇದಕ್ಕಿಂತ ಸಣ್ಣದು ಎಲ್ಲೂ ಸಿಗಲಾರದು.