ಅತ್ತೆಯ ಪ್ರಯಾಣವೂ ಕಾಣೆಯಾದ ಸ್ಪಾನರೂ

ಮಾದಯ್ಯ: ಸ್ಪಾನರು ಸಿಕ್ಕೋಗಂಟ ಮೋಟಾರು ಕದಲಾಕಿಲ್ಲ ಸಾ. ನೀವೇನೇ ಏಳಿ.

ಗಂಗಾಧರಸ್ವಾಮಿ: ಒಂದು ಕಬ್ಬಿಣದ ತುಂಡಿಗೋಸ್ಕರ ಹಿರಿಯರನ್ನ ಬಿಸಿಲಲ್ಲಿ ಕೂರಿಸ್ತೀಯೇನಯ್ಯ? ಗಾಡಿ ಹೊರಡಿಸು!

ನಂಜನಗೂಡಿನಲ್ಲಿ ಹೊಳೆಗೆ ಹೋಗುವ ದಾರಿಯ ಷೆಡ್ಡಿನ ಮುಂದೆ ಈ ಜಗಳ. ಅಲ್ಲಿಂದ ನರಸೀಪುರಕ್ಕೆ ಮೋಟಾರು ಬಿಡಲು ಶುರುಮಾಡಿ ಇನ್ನೂ ವರ್ಷ ತುಂಬಿರಲಿಲ್ಲ. ಮಾದಯ್ಯ ಅದಕ್ಕೆ ಫಿಟ್ಟರೂ ಹೌದು, ಡ್ರೈವರೂ ಹೌದು. ಗಂಗಾಧರಸ್ವಾಮಿಗಳು ಮೋಟಾರು ಕಂಪನಿಯ ಇನ್ಸ್‌ಪೆಕ್ಟರು. ಅವರು 'ಪಾಸ್' ಅನ್ನದೆ ಗಾಡಿ ಹೊರಡುವಂತಿಲ್ಲ. ಇವತ್ತು ಮಾತ್ರ ಅವರು ಬೆಳಗಿನಿಂದ ಪಾಸ್ ಪಾಸ್ ಎಂದು ಬಾಯಿ ನೋಯಿಸಿಕೊಂಡಿದ್ದರು. ಕಾರಣ ಗಾಡಿಯ ಒಳಗೆ ಕೂತಿತ್ತು. ಸಂಕ್ರಾಂತಿಗೆಂದು ನರಸೀಪುರದ ಪಕ್ಕದ ಸೋಸಲೆಯಿಂದ ಬಂದ ಅವರ ಅತ್ತೆ ಗುರುಬಸಮ್ಮನವರು ಕೊನೆಗೂ ಊರಿಗೆ ಹೊರಟಿದ್ದರು. ನಾಳೆ ಮಂಗಳವಾರ, ಆಕೆ ಹೊಸಿಲು ದಾಟುವುದಿಲ್ಲ. ನಾಡಿದ್ದು ಅಮಾವಾಸ್ಯೆ. ಅದರ ಬೆನ್ನಿಗೇ ಯುಗಾದಿ. ಇವತ್ತು ತಪ್ಪಿದರೆ ತಪ್ಪಿದಂತೆಯೇ.

ಗಂಗಾಧರಸ್ವಾಮಿ: ನಾನು ಆಗಲೇ ಪಾಸ್ ಮಾಡಿದೀನಲ್ಲಯ್ಯ!

ಮಾದಯ್ಯ: ಕುರ್ಚಿಯಿಂದ ಎದ್ದೇ ಇಲ್ವಲ್ಲ ಸಾ ನೀವು.

ಗಂಗಾಧರಸ್ವಾಮಿ: ಯಾಕೆ ಏಳಬೇಕು? ಟಪ್ಪಾಲು ಕುದುರೆಗಳನ್ನ ತಪಾಸಣೆ ಮಾಡಿದೋನು ಕಣಯ್ಯ ನಾನು. ಕಿವಿಗೊಟ್ಟರೆ ಸಾಕು.

ಮಾದಯ್ಯ: ಕುದ್ರೆ ಆದ್ರೆ ಒದ್ದಾದ್ರೂ ಏಳ್ತದೆ ಸಾ. ಇದು ಬಾಯಿಲ್ಲದ್ದು.

ಗಂಗಾಧರಸ್ವಾಮಿ: ಬಾಯಿಲ್ಲವೆ? ಕೇಳು ಅಲ್ಲಿ, ಟಣ್ ಟಣ್ ಅಂತ ಎಷ್ಟು ಲಯವಾಗಿ ಓಡ್ತಿದೆ ಎಂಜಿನ್ನು!

ಮಾದಯ್ಯ: ಎಂಜಿನ್ನು ಇನ್ನೂವೆ ಸ್ಟಾರ್ಟೇ ಮಾಡಿಲ್ಲ ಸಾ.

ಇನ್ಸ್‌ಪೆಕ್ಟರ ಮುಖ ಸಣ್ಣದಾಯಿತು. ಇಬ್ಬರೂ ಕಿವಿಗೊಟ್ಟರು. ಅಷ್ಟರಲ್ಲಿ ಸದ್ದೂ ನಿಂತುಹೋಯಿತು.

ಮಾದಯ್ಯ: ಸ್ಪಾನರೇ ಸಾ! ಒಳಗೆ ಅಳ್ಳಾಡ್ತಾ ಐತೆ.

ಗಂಗಾಧರಸ್ವಾಮಿ: ನಿಂತ ಗಾಡೀಲಿ ಅದು ಹೇಗಯ್ಯ ಅಲ್ಲಾಡುತ್ತೆ?

ಮಾದಯ್ಯ: ನಂಗೂ ಅದೇ ಭಯ ಸಾ.

ಗಂಗಾಧರಸ್ವಾಮಿ: ಎಂಜಿನ್ನಿನ ಒಳಗೇ ಬಿಟ್ಟಿದೀಯ ಅಂತ ಏನು ಗ್ಯಾರಂಟಿ? ನಿನ್ನ ಸಾಮಾನಿಗೆ ಒಂದು ಕ್ರಮ ಬೇಡವೆ?

ಮಾದಯ್ಯ: ಐತಲ್ಲ ಸಾ! ಗ್ವಾಡೆ ನೋಡಿ. ಒಂದೊಂದು ಸಾಮಾನಿನ ಆಕಾರಾನೂ ಸುಣ್ಣದಾಗೆ ಬರ್ದಿವ್ನಿ. ಖಾಲಿ ಕಂಡ್ರೆ ಸಾಮಾನು ಆಚೆ ಐತೆ ಅಂತ.

ಗಂಗಾಧರಸ್ವಾಮಿ: ಗೋಡೆಯೆಲ್ಲ ಖಾಲಿ ಇದೆಯಲ್ಲಯ್ಯ!

ಮಾದಯ್ಯ: ಸುತ್ತಿಗೇನ ಪಕ್ಕದ್ಮನೆ ದೇವೀರಮ್ಮೋರು ಕರೂನ ಕಟ್ಟಾಕೆ ಗೂಟ ಒಡೀಬೇಕು ಅಂತ ತಕ್ಕೊಂಡೋದ್ರು. ಇಕ್ಕಳ ಛತ್ರದ ಅಡುಗೆಯೋರತ್ರ ಐತೆ, ಪಾತ್ರೆ ಇಳ್ಸಾಕೆ. ಅರ ಪೂಜಾರ್ರ ಮನೆಗೋಯ್ತು, ಈಳಿಗೆಮಣೆ ಮಸೆಯಾಕೆ. ನಾಕು ಜನಕ್ಕೆ ಉಪಕಾರ ಬ್ಯಾಡ್ವಾ ಸಾ? ಯಾರ್ಗೆ ಕೊಟ್ರೂವೆ ನನ್ನ ನೆಪ್ಪಲ್ಲಿರ್ತದೆ. ಸ್ಪಾನರು ಯಾರ್ಗೂ ಕೊಟ್ಟಿಲ್ಲ. ಅಂದ್ಮೇಲೆ ಒಳಗೇ ಬಿಟ್ಟಿವ್ನಿ.

ಗಂಗಾಧರಸ್ವಾಮಿ: ಇದ್ದರೆ ಇರಲಿ ಬಿಡು. ಏನಾಗುತ್ತೆ?

ಮಾದಯ್ಯ: ತಿರುಗೋ ಚಕ್ರಕ್ಕೆ ಸಿಕ್ಕಾಕ್ಕೊಂಡ್ರೆ ನಡುದಾರೀಲೇ ನಿಂತೋಯ್ತದೆ ಸಾ.

ಗಂಗಾಧರಸ್ವಾಮಿ (ದನಿ ತಗ್ಗಿಸಿ): ನಿಲ್ಲೋದು ತಾನೆ? ಹಿಂದಕ್ಕೆ ಬರಲ್ಲ ತಾನೆ?

ಮಾದಯ್ಯ: ಅಮ್ಮೋರು ನಡ್ಕಂಡು ವಾಪಸ್ ಬತ್ತಾರಲ್ಲ ಸಾ.

ಈ ಮಾತು ಇನ್ಸ್‌ಪೆಕ್ಟರನ್ನು ಕುರ್ಚಿಯಿಂದ ಎಬ್ಬಿಸಿತು. ಎಂಜಿನ್ನಿನ ಮುಚ್ಚಳ ಎತ್ತಿಸಿ, ರುಮಾಲು ಸಮೇತ ತಲೆ ತೂರಿಸಿದರು. ಒಳಗಿನ ಎಣ್ಣೆ ವಾಸನೆಗೆ ತಲೆ ತಿರುಗಿದಾಗ ನಶ್ಯದ ಡಬ್ಬಿ ತೆಗೆದು ಒಂದು ಚಿಟಿಕೆ ಏರಿಸಿದರು. ತೆರೆದ ಡಬ್ಬಿಯನ್ನು ಅಲ್ಲೇ ಎಂಜಿನ್ನಿನ ಮೇಲಿಟ್ಟು ಮತ್ತೆ ತಡಕಿದರು. ಕೈಗೆ ಹತ್ತಿದ್ದು ಮಸಿ ಮಾತ್ರ.

ಮಾದಯ್ಯ: ತಳದ ತಟ್ಟೆಗೆ ಬಿದ್ದೋಗೈತೆ ಸಾ. ಅದ್ನ ಬಿಚ್ಬೇಕು.

ಗಂಗಾಧರಸ್ವಾಮಿ: ಬಿಚ್ಚು ಮತ್ತೆ!

ಮಾದಯ್ಯ: ಬಿಚ್ಚಾಕೆ ಸ್ಪಾನರು ಬೇಕಲ್ಲ ಸಾ.

ಗಂಗಾಧರಸ್ವಾಮಿ: ಶಿವ ಶಿವಾ!

ಟಣ್. ಟಣ್. ಮತ್ತೆ ಅದೇ ಸದ್ದು. ಗಾಡಿಯ ಕಿಟಕಿಯಿಂದ ಗುರುಬಸಮ್ಮನವರ ಬೊಚ್ಚುಬಾಯಿ ಆಚೆ ಬಂತು.

ಗುರುಬಸಮ್ಮ: ಏನ್ ಹುಡುಕ್ತಿದೀರಾ ಅಳಿಯಂದ್ರೇ? ಮುಖ ಎಲ್ಲ ಮಸಿ ಆಗೈತಲ್ಲ.

ಗಂಗಾಧರಸ್ವಾಮಿ: ಏನಿಲ್ಲ ಅತ್ತೆಮ್ಮ, ಒಂದು ಕಬ್ಬಿಣದ ಸಾಮಾನು.

ಗುರುಬಸಮ್ಮ: ಇಂಥದ್ದಾ?

ಆಕೆಯ ಒಂದು ಕೈಯಲ್ಲಿ ಎಲೆ ಅಡಕೆ ಜಜ್ಜುವ ಕುಟ್ಟಾಣಿ, ಇನ್ನೊಂದರಲ್ಲಿ ಮಾಯವಾದ ಸ್ಪಾನರು!

ಮಾದಯ್ಯ: ಅಯ್ಯೋ ಅಮ್ಮೋರೇ! ಇದ್ಯಾವಾಗ ಎತ್ಕೊಂಡ್ರಿ?

ಗುರುಬಸಮ್ಮ: ಎತ್ಕೊಳಾಕೆ ನಾನೇನು ಕಳ್ಳಿಯಾ? ಬೆಳಿಗ್ಗೆ ಅಡಕೆ ಕುಟ್ಟಾಕೆ ಏನಾರ ಕೊಡಪ್ಪ ಅಂದೆ. ನೀನೇ ಸೊಂಟದಿಂದ ತೆಗ್ದು ಕೊಟ್ಟೆ.

ಗಂಗಾಧರಸ್ವಾಮಿ: ನೆಪ್ಪಲ್ಲಿರುತ್ತೆ ಅಂದೆಯಲ್ಲಯ್ಯ!

ಮಾದಯ್ಯ: ಈಗ ನೆಪ್ಪಾಯ್ತು ಸಾ.

ಬೈಯಲಾಗಲಿ, ಸ್ಪಾನರು ವಾಪಸ್ ಪಡೆಯಲಾಗಲಿ ಇನ್ಸ್‌ಪೆಕ್ಟರಿಗೆ ಪುರುಸೊತ್ತಿರಲಿಲ್ಲ. "ಪಾಸ್!" ಎಂದು ಕೂಗಿ ತಾವೇ ಮುಚ್ಚಳ ಹಾಕಿದರು. ಮಾದಯ್ಯ ಹ್ಯಾಂಡಲು ತಿರುಗಿಸಿ ಓಡಿಬಂದು ತನ್ನ ಜಾಗದಲ್ಲಿ ಕೂತ. ಎಂಜಿನ್ನು ಗುಡುಗಿತು, ಗಾಡಿ ಒಂದು ಮಾರು ಮುಂದೆ ಹೋಯಿತು. ಗಂಗಾಧರಸ್ವಾಮಿಗಳು ಕಣ್ಮುಚ್ಚಿ ನಂಜುಂಡೇಶ್ವರನಿಗೆ ಕೈಮುಗಿದರು.

ಮಾದಯ್ಯ: ಆ... ಆ... ಆಕ್ಷೀ!

ಗುರುಬಸಮ್ಮ: ನಿಲ್ಸಪ್ಪ! ನಿಲ್ಸು! ಒರಡೋ ಗಳಿಗೇಲಿ ಒಂಟಿ ಸೀನು! ನಾ ಓಗಾಕಿಲ್ಲ.

ಗಂಗಾಧರಸ್ವಾಮಿ: ಎರಡು ಸೀನಾದರೆ ಶುಭ ಅಲ್ಲವೆ ಅತ್ತೆಮ್ಮ? ಮಾದಯ್ಯ, ಇನ್ನೊಂದು ಸೀನು!

ಮಾದಯ್ಯ: ಬತ್ತಾ ಇಲ್ಲ ಸಾ.

ಗಂಗಾಧರಸ್ವಾಮಿ: ಬರಬೇಕು ಕಣಯ್ಯ! ಕಂಪನಿ ಕೆಲಸ ಅಂತ ತಿಳ್ಕೊಂಡು ಸೀನು! ತಡಿ, ಒಂದು ಚಿಟಿಕೆ ನಶ್ಯ ಕೊಡ್ತೀನಿ...

ಕೋಟಿನ ಜೇಬು ತಡಕಿದರು. ಇನ್ನೊಂದು ಜೇಬು ತಡಕಿದರು. ರುಮಾಲನ್ನೂ ಬಿಚ್ಚಿ ಕೊಡವಿದರು. ಮಾದಯ್ಯ ಇಳಿದು ಬಂದು ಮೆಲ್ಲಗೆ ಮುಚ್ಚಳ ಎತ್ತಿ ನೋಡಿದ.

ಮಾದಯ್ಯ: ಡಬ್ಬಿ ತಳದ ತಟ್ಟೆಗೆ ಬಿದ್ದೋಗೈತೆ ಸಾ. ನಾನ್ ಸೀನಿದ್ದು ಯಾತಕ್ಕೆ ಅಂತ ಈಗ ಗೊತ್ತಾಯ್ತು. ಇದನ್ನೂ ನೀವೇ ಪಾಸ್ ಮಾಡಿದ್ದು.

ಗಂಗಾಧರಸ್ವಾಮಿ: ಬೇಗ ಬಿಚ್ಚಯ್ಯ! ಅತ್ತೆಮ್ಮ, ಸ್ವಲ್ಪ ಆ ಸ್ಪಾನರು ಕೊಡಿ.

ಗುರುಬಸಮ್ಮನವರು ಆಗಲೇ ಗಂಟು ಸಮೇತ ಕೆಳಗಿಳಿದು, ಇನ್ಸ್‌ಪೆಕ್ಟರ ಕುರ್ಚಿಯಲ್ಲೇ ಕೂತು, ಕುಟ್ಟಾಣಿಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು.

ಗುರುಬಸಮ್ಮ: ಕೊಡ್ತೀನಿ ತಡೀರಿ ಅಳಿಯಂದ್ರೇ, ಅಡಕೆ ನುಣ್ಣಗಾಗ್ಲಿ. ಏನವಸರ ಈಗ? ಯುಗಾದಿ ಕಳುದ್ಮೇಲೆ ಬಿಚ್ಚುದ್ರಾಯ್ತು.