ಸ್ಟೆಪ್ನಿಯ ಮೊದಲ ರೇಸು

ಎಲ್ಲಕ್ಕೂ ಕಾರಣ ಹೋಟೆಲಿನ ಬಚ್ಚಲಲ್ಲಿ ಬಿದ್ದಿದ್ದ ಒಂದು ಸೋಪಿನ ಚೂರು. ರೇಸಿನ ದಿನ ಬೆಳಿಗ್ಗೆ ತಂಡದ ಹೀರೋ ಅದರ ಮೇಲೆ ಕಾಲಿಟ್ಟ, ಜಾರಿದ, ಮಣಿಕಟ್ಟು ಮುರಿದುಕೊಂಡ. ಗಂಟೆಗೆ ಮುನ್ನೂರು ಕಿಲೋಮೀಟರ್ ವೇಗದಲ್ಲಿ ಕೂದಲೂ ಕೊಂಕದವನು ಬಚ್ಚಲಲ್ಲಿ ಮಕಾಡೆ ಬಿದ್ದಿದ್ದ.

ತಂಡದಲ್ಲಿ ಇನ್ನೊಬ್ಬ ಚಾಲಕನಿದ್ದ. ಅವನ ನಿಜವಾದ ಹೆಸರು ಬಹುಶಃ ಅವನ ಹೆಂಡತಿಗೆ ಮಾತ್ರ ನೆನಪಿತ್ತು. ಉಳಿದವರಿಗೆಲ್ಲ ಅವನು ಸ್ಟೆಪ್ನಿ. ಡಿಕ್ಕಿಯಲ್ಲಿ ಬಿದ್ದಿರುವ ಹೆಚ್ಚುವರಿ ಚಕ್ರದಂತೆ, ಇನ್ನೊಬ್ಬರಿಗೆ ಏನಾದರೂ ಆದರಷ್ಟೇ ಅವನ ಅಗತ್ಯ. ಚಿಕ್ಕಂದಿನಲ್ಲಿ ಪುಟ್ಟ ಕಾರ್ಟುಗಳ ರೇಸು ಗೆದ್ದವನು, ಹರೆಯದಲ್ಲಿ ಅದಕ್ಕಿಂತ ದೊಡ್ಡ ರೇಸು ಗೆದ್ದವನು, ಈ ದೊಡ್ಡ ತಂಡಕ್ಕೆ ಸೇರಿದ ಮೇಲೆ ಹೆಲ್ಮೆಟ್ ಹಿಡಿದುಕೊಂಡು ನಿಂತದ್ದೇ ಬಂತು. ತಲೆ ನೆರೆಯಲು ಶುರುವಾಗಿತ್ತು. ಈ ವರ್ಷವೂ ಒಂದು ರೇಸಾದರೂ ಓಡಿಸದಿದ್ದರೆ ಲೈಸೆನ್ಸು ರದ್ದು, ಚಾಲಕನ ಬದುಕು ಅಲ್ಲಿಗೆ ಮುಗಿಯಿತು. ಇದು ವರ್ಷದ ಕೊನೆಯ ರೇಸು.

"ಲೇ ಸ್ಟೆಪ್ನಿ, ಎಲ್ಲಿ ಸತ್ತಿದ್ದೆ? ಇವತ್ತು ನೀನೇ ಓಡಿಸ್ಬೇಕು!" ಎಂದು ಮ್ಯಾನೇಜರ್ ಕೂಗಿದಾಗ ಅವನ ಕಣ್ಣು ತುಂಬಿತು. ಹೀರೋನ ಮೇಲೆ ಮರುಕ ಬಂತು. ಸೋಪಿನ ಮೇಲೆ ಅದಕ್ಕಿಂತ ಜಾಸ್ತಿ ಪ್ರೀತಿ ಬಂತು.

ಆದರೆ ಹೀರೋ ಕಡ್ಡಿ ಪೈಲ್ವಾನ್. ಅವನ ಸೀಟಿನಲ್ಲಿ ಸ್ಟೆಪ್ನಿಯ ಸೊಂಟ ಇಳಿಯಲೊಲ್ಲದು. ರೇಸು ಕಾರಿನ ಸೀಟು ಆಯಾ ಚಾಲಕನ ಮೈಗೇ ಅಚ್ಚು ಹೊಯ್ದದ್ದು. ಎರಡು ದ್ರವ ಬೆರೆಸಿ ಪ್ಲಾಸ್ಟಿಕ್ ಚೀಲಕ್ಕೆ ಸುರಿದು, ಚೀಲವನ್ನು ಕಾರಿನೊಳಗಿಟ್ಟು, ಅದರ ಮೇಲೆ ಚಾಲಕನನ್ನು ಕೂರಿಸುತ್ತಾರೆ. ಒಳಗೆ ನೊರೆ ಉಬ್ಬಿ ಅವನ ಬೆನ್ನಿನ ಆಕಾರಕ್ಕೆ ಗಟ್ಟಿಯಾಗುತ್ತದೆ. ಸ್ಟೆಪ್ನಿಗೂ ಹೊಸದೊಂದನ್ನು ಹೊಯ್ಯಬೇಕಾಯಿತು.

"ಒಂದು ಮಗ್ ಸಾಕು," ಎಂದು ಮೆಕ್ಯಾನಿಕ್ ಸುರಿದ.

"ಸೊಂಟಕ್ಕೆ ಆಸರೆ ಬೇಡ್ವೇನ್ರೀ?" ಎಂದು ಮೈಕೈ ನೀವುವ ಫಿಸಿಯೋ ಇನ್ನೊಂದು ಮಗ್ ಸುರಿದ.

"ಇದು ಗಟ್ಟಿಯಾಗೋದು ಯಾವ ಕಾಲಕ್ಕೆ?" ಎಂದು ಮ್ಯಾನೇಜರ್ ಗಟ್ಟಿಯಾಗಿಸುವ ದ್ರವದ ಡಬ್ಬಿಯನ್ನೇ ಬೋರಲು ಹಾಕಿದ.

ನೊರೆ ಉಕ್ಕಿದ ಹಾಲಿನಂತೆ ಏರಿತು. ಚೀಲ ಹರಿಯಿತು. ಸ್ಟೆಪ್ನಿಯ ಕಾಲರಿನೊಳಗೆ, ಜಿಪ್ಪಿನೊಳಗೆ, ಕಾರಿನ ಸಂದುಗೊಂದಿಗೆಲ್ಲ ನುಗ್ಗಿ ಕಲ್ಲಾಯಿತು. ಚಾಲಕ, ಸೀಟು, ಕಾರು ಮೂರೂ ಒಂದಾದವು. ಇಬ್ಬರು ಕಂಕುಳಿಗೆ ಕೈಹಾಕಿ ಎಳೆದರು. ಬಿಸಿನೀರು ಸುರಿದರು. ಗ್ರೀಸ್ ಬಳಿದರು. ಅವನು ಬಾಯಿ ಬಡಿದುಕೊಂಡನೇ ಹೊರತು ಒಂದಿಂಚೂ ಮೇಲೇಳಲಿಲ್ಲ. ಬಟ್ಟೆ ಕತ್ತರಿಸಿ ಬಿಡಿಸಬಹುದಿತ್ತು. ಆದರೆ ಅವನ ಅಳತೆಯ ಬೆಂಕಿ ತಡೆಯುವ ಉಡುಪು ಅದೊಂದೇ. ಅದು ಹರಿದರೆ ರೇಸಿಲ್ಲ.

"ಹೇಗೂ ಕಾರಲ್ಲೇ ಕೂರ್ಬೇಕಲ್ಲ," ಎಂದ ಮ್ಯಾನೇಜರ್. "ಕೂತಿದ್ದೀಯ. ಇನ್ನೇನು ಕಷ್ಟ?"

ಅಷ್ಟರಲ್ಲಿ ತಪಾಸಣೆಯ ಅಧಿಕಾರಿ ಬಂದ. ಬೆಂಕಿ ಬಿದ್ದರೆ ಚಾಲಕ ತಟ್ಟನೆ ಹೊರಗೆ ಹಾರಬಲ್ಲನೇ ಎಂದು ನೋಡುವುದು ಅವನ ಕೆಲಸ. "ಎದ್ದು ತೋರ್ಸಪ್ಪ," ಎಂದ.

"ಬೆಳಿಗ್ಗೆಯಿಂದ ಎದ್ದೂ ಕೂತೂ ಸೋತಿದ್ದಾನೆ ಸಾರ್," ಎಂದ ಮ್ಯಾನೇಜರ್.

"ಈಗ ಎಬ್ಬಿಸಿದ್ರೆ ನರ ಹಿಡ್ಕೊಳ್ಳುತ್ತೆ," ಎಂದು ಫಿಸಿಯೋ ದನಿಗೂಡಿಸಿದ.

ಅಧಿಕಾರಿ ಬಗ್ಗಿ ಸ್ಟೆಪ್ನಿಯ ಮುಖ ನೋಡಿದ. "ನೀನು ಹೇಳು. ಬೆಂಕಿ ಬಿದ್ರೆ ಎದ್ದು ಓಡ್ತೀಯಾ?"

ಸ್ಟೆಪ್ನಿ ಲೆಕ್ಕ ಹಾಕಿದ. ನಿಜ ಹೇಳಿದರೆ ಲೈಸೆನ್ಸು ಹೋಗುತ್ತದೆ. ಸುಳ್ಳು ಹೇಳಿದರೆ ಜೀವವೇ ಹೋಗಬಹುದು. ಆದರೆ ಹೋಗಲೇಬೇಕೆಂದೇನಿಲ್ಲವಲ್ಲ. "ಓಡ್ತೀನಿ ಸಾರ್," ಎಂದ.

ಅಧಿಕಾರಿ ಸಹಿ ಹಾಕಿದ. ರೇಸಿನಲ್ಲಿ ಎಲ್ಲರಿಗಿಂತ ಹಿಂದೆ ಹೊರಟವನು ಬಿಟ್ಟ ಬಾಣವಾದ. ಇಷ್ಟು ವರ್ಷ ನಿಂತು ನೋಡಿದ ತಿರುವುಗಳೆಲ್ಲ ಅವನಿಗೆ ಬಾಯಿಪಾಠವಾಗಿದ್ದವು. ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತ ಕೊನೆಯ ಸುತ್ತಿಗೆ ಮೂರನೆಯವನಾದ. ಬದುಕಿನಲ್ಲಿ ಅಷ್ಟು ಸುಖಪಟ್ಟದ್ದು ಅವನಿಗೆ ನೆನಪಿರಲಿಲ್ಲ. ಆಗಲೇ ಹಿಂದಿನಿಂದ ಹೊಗೆ ಬಂತು, ಹೊಗೆಯ ಹಿಂದೆ ಬೆಂಕಿ.

ಕಿವಿಯ ರೇಡಿಯೋದಲ್ಲಿ ಮ್ಯಾನೇಜರ್ ಚೀರಿದ: "ಬೆಂಕಿ! ಗಾಡಿ ನಿಲ್ಸು! ಇಳಿ, ಇಳಿ!"

"ಹೇಗೆ ಇಳೀಲಿ ಸಾರ್?"

ಈ ಸಲ ಫಿಸಿಯೋನ ದನಿ ಬಂತು: "ಗಾಬರಿ ಆಗ್ಬೇಡ. ಮೈ ಸಡಿಲ ಬಿಡು."

ನಿಂತರೆ ಜ್ವಾಲೆ ಮುಂದಕ್ಕೆ ಬಂದು ಮುಖಕ್ಕೇ ಹೊಡೆಯುತ್ತದೆ. ಬೆಂಕಿ ಆರಿಸುವವರು ಒಟ್ಟಾಗಿ ನಿಂತಿರುವುದು ಗೆಲುವಿನ ಗೆರೆಯಾಚೆ. ಸ್ಟೆಪ್ನಿ ಹೆಂಡತಿಯನ್ನು ನೆನೆದ, ಹಲ್ಲು ಕಚ್ಚಿ ಇದ್ದಬದ್ದ ವೇಗವನ್ನೆಲ್ಲ ಹಾಕಿ ನುಗ್ಗಿದ. ಬಾಲಕ್ಕೆ ಬೆಂಕಿ ಹೊತ್ತ ಕಾರು, ಇನ್ನಿಬ್ಬರನ್ನೂ ಹಿಂದೆ ಹಾಕಿ ಮೊದಲನೆಯದಾಗಿ ಗೆರೆ ದಾಟಿತು. ಎಲ್ಲ ಕಡೆಯಿಂದ ಪುಡಿ ಸುರಿದು ಆರಿಸಿದರು. ಉಡುಪು ಕರಿಕಲಾಗಿತ್ತು. ಒಳಗೆ ಸ್ಟೆಪ್ನಿ, ಅಲ್ಲಲ್ಲಿ ಬೊಬ್ಬೆಯೆದ್ದು, ಗಡಗಡ ನಡುಗುತ್ತ, ಜೀವಂತವಾಗಿದ್ದ.

ಜನ ಹುಚ್ಚೆದ್ದು ಕುಣಿದರು. "ಪ್ರಾಣ ಹೋದ್ರೂ ಕಾರು ಬಿಡಲ್ಲ ಅಂದವನು!" ಎಂದು ಮ್ಯಾನೇಜರ್ ಮೈಕಿನಲ್ಲಿ ಅತ್ತ. ಅಧಿಕಾರಿಯೂ ಮೆಚ್ಚಿ ಬಂದು ಕೈ ಕೊಟ್ಟ, ಎಬ್ಬಿಸಲೆಂದು ಎಳೆದ. ಕಾರು ಅಲ್ಲಾಡಿತು, ಸ್ಟೆಪ್ನಿ ಅಲ್ಲಾಡಲಿಲ್ಲ.

ಅಧಿಕಾರಿಯ ಮುಖ ಕಪ್ಪಿಟ್ಟಿತು. "ನನ್ನ ಮುಂದೇನೇ ಸುಳ್ಳು ಹೇಳಿದ್ಯಾ? ಗೆಲುವೂ ಇಲ್ಲ, ಲೈಸೆನ್ಸೂ ಇಲ್ಲ. ಇನ್ನು ಈ ಜನ್ಮದಲ್ಲಿ ನೀನು ರೇಸು ಓಡಿಸೋ ಹಾಗಿಲ್ಲ."

ಮ್ಯಾನೇಜರ್ ಮೈಕನ್ನು ಮೆಲ್ಲಗೆ ಕೆಳಗಿಟ್ಟ. "ನನಗೆ ಗೊತ್ತೇ ಇರ್ಲಿಲ್ಲ ಸಾರ್," ಎಂದ. ಸ್ಟೆಪ್ನಿ ಕೂತಲ್ಲೇ ಬಿಕ್ಕಿ ಬಿಕ್ಕಿ ಅತ್ತ.

ಆಗ ಜನರನ್ನು ಸರಿಸಿಕೊಂಡು ಸೂಟು ಹಾಕಿದವರೊಬ್ಬರು ಬಂದರು. ಬೆಂಕಿ ತಡೆಯುವ ಉಡುಪಿನ ಕಂಪನಿಯ ಮಾಲೀಕರು.

"ನೀವು ಅಳ್ಬಾರ್ದು," ಎಂದರು. "ಅಷ್ಟು ಬೆಂಕೀಲೂ ಕದಲದೆ ಕೂತಿದ್ರಲ್ಲ, ನಿಮ್ಮಂಥವರನ್ನೇ ನಾವು ಹುಡುಕ್ತಿದ್ವಿ. ಕೆಲಸ ಕೊಡ್ತೀನಿ. ಊರೂರಿನಲ್ಲಿ ಜನರ ಮುಂದೆ ಕಾರಿಗೆ ಬೆಂಕಿ ಹಚ್ತೀವಿ. ನೀವು ನಮ್ಮ ಉಡುಪು ಹಾಕ್ಕೊಂಡು ಒಳಗೆ ಸುಮ್ನೆ ಕೂತಿರ್ಬೇಕು. ಅದಕ್ಕೆ ಯಾವ ಲೈಸೆನ್ಸೂ ಬೇಡ."

"ನಡುವೆ ಎದ್ದು ಓಡ್ಬೇಕು ಅನ್ಸಿದ್ರೆ ಸಾರ್?"

"ಅನ್ಸಲ್ಲ, ಅನ್ಸಲ್ಲ," ಎಂದು ಮ್ಯಾನೇಜರ್ ಮುಂದೆ ಬಂದ. "ಸೀಟು ನಮ್ಮ ಹುಡುಗರೇ ಹೊಯ್ದು ಕೊಡ್ತಾರೆ."

ಮೆಕ್ಯಾನಿಕ್ ಗರಗಸ ಹಿಡಿದು ಅವನನ್ನು ಬಿಡಿಸುತ್ತಿರುವಾಗ ಹೆಂಡತಿಯ ಫೋನು ಬಂತು. ಅವಳು ಟೀವಿಯಲ್ಲಿ ಎಲ್ಲ ನೋಡಿದ್ದಳು.

"ಲೈಸೆನ್ಸ್ ಹೋಯ್ತಂತೆ, ಹೌದಾ ರೀ? ಹೋಗ್ಲಿ ಬಿಡಿ, ಪೀಡೆ ತೊಲಗ್ತು! ಬೇರೆ ಯಾವ್ದಾದ್ರೂ ಕೆಲಸ ನೋಡಿದ್ರಾಯ್ತು."

"ಸಿಕ್ಕಿದೆ ಕಣೇ."

"ಇಷ್ಟು ಬೇಗ? ಅಲ್ಲೂ ಕಾರು ಓಡಿಸ್ಬೇಕೇನ್ರೀ?"

"ಇಲ್ಲ," ಎಂದ ಸ್ಟೆಪ್ನಿ. "ಕಾರು ನಿಂತೇ ಇರುತ್ತೆ."

"ಸದ್ಯ!" ಎಂದಳು ಅವಳು.